ಅಟ್ಟದ ಮೇಲಣ ಸಾಮಾನುಗಳಿಗೆ ಹೊಸ ಉದ್ಯೋಗ



ಈ ಸ್ಮರಣ ಸಂಚಿಕೆಗೆ ಗೃಹಕೃತ್ಯದ ಒಂದು ಪಾಠವನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿಕೊಂಡಾಗ, ಅಡಿಗೆಯ ವಿಷಯವನ್ನು ಎತ್ತಿಕೊಳ್ಳೋಣವೋ ಹೊಲಿಗೆಯ ವಿಷಯವನ್ನು ಎತ್ತಿಕೊಳ್ಳೋಣವೋ ಎಂದು ಕೆಲವು ದಿವಸ ಯೋಚಿಸುತ್ತಲೇ ಇದ್ದೆವು. ಅಷ್ಟರಲ್ಲಿ ಒಂದು ಸಾಯಂಕಾಲ ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು, "ಟೀಚರೇ, ಅತ್ತೆಯವರ ಹಳೆ ಮನೆಯನ್ನು ಮುಂದಿನ ತಿಂಗಳು ಕೆಡವುತ್ತಾರೆ. ಅಟ್ಟದ ಮೇಲಿನದ್ದನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಬೇಕೆಂದು ಮಾವನವರು ಹೇಳಿದ್ದಾರೆ. ಶನಿವಾರ ಅವನು ತಕ್ಕಡಿ ತರುತ್ತಾನೆ. ನಾನು ಯಾವದನ್ನು ಇಟ್ಟುಕೊಳ್ಳಲಿ? ಇಟ್ಟುಕೊಂಡರೂ ಎರಡು ಕೋಣೆಯ ಮನೆಯಲ್ಲಿ ಅದನ್ನು ಏನು ಮಾಡಲಿ?" ಎಂದು ಕೇಳಿದಳು. ಆ ದಿವಸ ಅವಳಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇವೆ. ಯಾಕಂದರೆ ಅವಳ ಪ್ರಶ್ನೆಯು ಅವಳೊಬ್ಬಳದೇ ಅಲ್ಲ.

ಹಂಚಿನ ಮಾಡನ್ನು ಇಳಿಸಿ ತಾರಸಿ ಹಾಕಿಸಿದಲ್ಲಿ ಅಟ್ಟವೇ ಇಲ್ಲವಾಗುತ್ತದೆ. ರುಬ್ಬುವ ಕಲ್ಲಿನ ಕೆಲಸವು ವಿದ್ಯುತ್ ಯಂತ್ರಕ್ಕೂ, ಹಂಡೆಯ ಕೆಲಸವು ಗೀಸರಿಗೂ, ಉಪ್ಪಿನಕಾಯಿಯ ಭರಣಿಯ ಕೆಲಸವು ಪ್ಲಾಸ್ಟಿಕ್ ಡಬ್ಬಿಗೂ ಹೋಯಿತು. ಹೀಗೆ ಕೆಲಸ ಕಳಕೊಂಡ ಸಾಮಾನುಗಳ ವಿಷಯದಲ್ಲಿ ಜನರು ಸಾಧಾರಣವಾಗಿ ಎರಡು ದಾರಿಗಳನ್ನು ಹಿಡಿಯುವದನ್ನು ಕಂಡಿದ್ದೇವೆ. ಕೆಲವರು ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ಮಾರಿಬಿಡುತ್ತಾರೆ. ಬೇರೆ ಕೆಲವರು ಎಲ್ಲವನ್ನೂ ಇಟ್ಟುಕೊಂಡು, ಬಂಗಾರದ ಬಣ್ಣ ಬಳಿದು, ಕಾಗದದ ಹೂಗಳನ್ನು ಸಿಕ್ಕಿಸಿ, ಪಡಸಾಲೆಯನ್ನು ಅಂಗಡಿಯ ಹಾಗೆ ಮಾಡುತ್ತಾರೆ. ನಮಗೆ ಎರಡೂ ಮೆಚ್ಚಿಗೆಯಲ್ಲ. ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ಬೇಸರ ತರುತ್ತದೆಂದು ಹೇಳಿದರೆ ಯಾರೂ ಸಿಟ್ಟಾಗಬಾರದು.

ಹಳೆಯ ವಸ್ತುವನ್ನು ಅಲಂಕಾರಕ್ಕೆ ತೆಗೆದುಕೊಳ್ಳುವ ಮೊದಲು ಅದನ್ನು ಕೈಯಲ್ಲಿ ಹಿಡಿದು ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು. ಇದು ತನ್ನ ಹಳೆ ಕೆಲಸವನ್ನು ಇನ್ನೂ ಮಾಡಬಲ್ಲದೋ? ಇದು ಯಾವ ದ್ರವ್ಯದಿಂದ ಆದದ್ದು? ಇದು ಯಾರದು? ಮೊದಲಿನ ಪ್ರಶ್ನೆಗೆ ಹೌದೆಂದು ಉತ್ತರ ಬಂದರೆ, ಆ ವಸ್ತುವನ್ನು ಕತ್ತರಿಸಲೂ ಬಾರದು, ಕೊರೆಯಲೂ ಬಾರದು. ಗಟ್ಟಿಯಾಗಿರುವ ಇಡ್ಲಿಯ ಅಟ್ಟವನ್ನು ಗೋಡೆಗೆ ತೂಗಹಾಕಿ, ಅದರ ಮರುದಿವಸವೇ ಪೇಟೆಯಿಂದ ತೆಳ್ಳಗಿನ ಇನ್ನೊಂದನ್ನು ಕೊಂಡುತರುವ ಗೃಹಿಣಿಯು ಉಳಿಸಿದ್ದೇನೂ ಇಲ್ಲ. ಎರಡನೆಯ ಪ್ರಶ್ನೆಯ ವಿಷಯವಾಗಿ ಮುಂದೆ ಬಹಳ ಹೇಳಲಿಕ್ಕುಂಟು. ಮೂರನೆಯದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಬಚ್ಚಲುಮನೆಯ ಒಲೆಯನ್ನು ತೆಗೆಸಿದಾಗ, ಅದರ ಮೇಲೆ ಕೂತಿದ್ದ ತಾಮ್ರದ ಹಂಡೆಯು ಹೊರಗೆ ಬಂತು. ಅದರ ಮೈಯೆಲ್ಲ ಮಸಿಯಾಗಿತ್ತು. ತೆಂಗಿನ ನಾರು, ಬೂದಿ, ಹುಣಿಸೇಹಣ್ಣು ಇವುಗಳಿಂದ ಎರಡು ದಿವಸ ತಿಕ್ಕಿದ ಮೇಲೆ ಅದರ ಕೆಂಪು ಬಣ್ಣ ಕಾಣಿಸಿತು. ನಮಗಾದ ಸಂತೋಷ ಅಷ್ಟಿಷ್ಟಲ್ಲ. ಅದರಲ್ಲಿ ಜರೀಗಿಡವನ್ನು ನೆಟ್ಟು ಜಗಲಿಯಲ್ಲಿಡಬೇಕೆಂದು ಮನಸ್ಸಾಯಿತು. ನೀರು ಬಸಿದುಹೋಗಲಿಕ್ಕೆ ದಾರಿ ಬೇಕಷ್ಟೆ. ಆದಕಾರಣ ಕೆಲಸದವನನ್ನು ಕರೆಸಿ ತಳದಲ್ಲಿ ಮೂರು ತೂತುಗಳನ್ನು ಕೊರೆಯಿಸಿದೆವು. ಬಂದುಹೋದವರೆಲ್ಲರೂ ಅದನ್ನು ಹೊಗಳಿದರು. ಎರಡು ತಿಂಗಳ ತರುವಾಯ ನಮ್ಮ ತಾಯಿಯವರು ತಮ್ಮನ ಮನೆಯಿಂದ ಬಂದು, ಜಗಲಿಯನ್ನೇರಿದವರು ಹಂಡೆಯನ್ನು ಕಂಡು ನಿಂತರು. ಕೆಳಗಿನ ತಟ್ಟೆಗೆ ನೀರು ಹನಿಯುತ್ತಿತ್ತು. ಅವರು ಬಗ್ಗಿ, ಎಲೆಗಳನ್ನು ಸರಿಸಿ, ಹಂಡೆಯ ಕಂಠದಲ್ಲಿ ಬೆರಳಾಡಿಸಿದರು. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಬರೆದ ಒಂದು ಹೆಸರು ಇತ್ತು. ನಾವು ಅಷ್ಟು ತಿಕ್ಕಿದರೂ ಅದನ್ನು ಓದಿರಲಿಲ್ಲ.

"ಇದಕ್ಕೆ ತೂತು ಯಾಕೆ ಮಾಡಿಸಿದೆ ಮಗಳೇ?" ಎಂದು ಅವರು ಕೇಳಿದರು. "ಇದು ನನ್ನ ಅಜ್ಜಿ ನನ್ನ ಮದುವೆಗೆ ಕೊಟ್ಟದ್ದು. ನಿಮ್ಮ ಐವರ ಬಾಣಂತನದ ನೀರೂ ಇದರಲ್ಲೇ ಕಾದದ್ದು. ನನ್ನನ್ನು ಒಂದು ಮಾತು ಕೇಳಬಹುದಿತ್ತು."

ಅವರು ಗದರಿಸಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತರು. ಆದರೆ ಬಂದರೆ ಒಂದು ತಿಂಗಳು ಇರುತ್ತಿದ್ದವರು ಆ ಸಲ ನಾಲ್ಕೇ ದಿವಸ ಇದ್ದು ಹೊರಟುಹೋದರು.

ಜರೀಗಿಡವೂ ಬದುಕಲಿಲ್ಲ. ಎಲೆಗಳ ಅಂಚು ಕಂದಾಗಿ, ಮಳೆಗಾಲ ಮುಗಿಯುವಷ್ಟರಲ್ಲಿ ಒಣಗಿಹೋಯಿತು. ಕಾರಣವು ಆ ಮೇಲೆ ನಮಗೆ ತಿಳಿಯಿತು. ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿ ಗಿಡಕ್ಕೆ ಅಗತ್ಯವಾದದ್ದೇ ಆದರೂ, ಹೆಚ್ಚಾದರೆ ವಿಷ. ಒದ್ದೆಯಾದ ಹುಳಿಮಣ್ಣು ತಾಗಿದಾಗ ತಾಮ್ರವು ಕರಗಿ ಮಣ್ಣಿಗೆ ಸೇರುತ್ತದೆ. ಅದಕ್ಕೆ ತಾಗಿದ ಬೇರಿನ ತುದಿಯು ಬೆಳೆಯುವದನ್ನು ನಿಲ್ಲಿಸುತ್ತದೆ. ಕುಂಡದೊಳಗೆ ಬೇರುಗಳು ಸುತ್ತಿಕೊಳ್ಳದಿರಲೆಂದು ಸಸಿತೋಟದವರು ಕುಂಡದ ಒಳಮೈಗೆ ತಾಮ್ರ ಬೆರೆಸಿದ ಲೇಪವನ್ನು ಬಳಿಯುವ ಪದ್ಧತಿಯೇ ಉಂಟು. ಹೀಗಿರಲಾಗಿ ತಾಮ್ರದ ಅಥವಾ ಹಿತ್ತಾಳೆಯ ಪಾತ್ರೆಯಲ್ಲಿ ಗಿಡವಿಡಬೇಕೆಂದು ಇಷ್ಟವಿದ್ದವರು ಮಣ್ಣಿನ ಕುಂಡದಲ್ಲಿ ಗಿಡವನ್ನು ನೆಟ್ಟು, ಆ ಕುಂಡವನ್ನು ಪಾತ್ರೆಯೊಳಗೆ ಒಂದು ಹಂಚಿನ ತುಂಡಿನ ಮೇಲೆ ಕೂಡ್ರಿಸಬೇಕು. ನೀರು ಹಾಕುವಾಗ ಕುಂಡವನ್ನು ಹೊರಗೆ ತೆಗೆದು, ಬಸಿದ ಮೇಲೆ ಒಳಗಿಡಬೇಕು. ತೂತು ಬೇಡವೇ ಬೇಡ. ಇಷ್ಟು ಸುಲಭವಾದ ಉಪಾಯವು ಆಗ ನಮಗೆ ಹೊಳೆಯಲಿಲ್ಲವಲ್ಲಾ ಎಂದು ಈಗಲೂ ವ್ಯಸನವಾಗುತ್ತದೆ.

ಹಂಡೆಯನ್ನು ಪಾತ್ರೆ ಕೆಲಸದವನ ಬಳಿಗೆ ಒಯ್ದು, ತಳಕ್ಕೆ ತಾಮ್ರದ ತೇಪೆಯನ್ನು ಹಾಕಿಸಿದೆವು. ಅದು ಈಗ ನೀರು ಹಿಡಿಯುತ್ತದೆ. ತಾಯಿಯವರು ಇನ್ನೊಮ್ಮೆ ಬಂದಾಗ ಬೆರಳಿನಿಂದ ತಟ್ಟಿ ನೋಡಿ, "ಸ್ವರ ಮೊದಲಿನದ್ದಲ್ಲ," ಎಂದರು. ಆದರೂ ಆ ಸಲ ತಿಂಗಳು ಪೂರ್ತಿ ಇದ್ದರು.

ಲೋಹದ ಪಾತ್ರೆಗಳ ಕುರಿತು ಇನ್ನೆರಡು ಮಾತುಗಳುಂಟು. ಹುಣಿಸೇಹುಳಿಯು ಲೋಹದ ಮೇಲಿನ ಕಿಲುಬನ್ನು ಕರಗಿಸಿ ತೆಗೆಯುತ್ತದೆ. ಬೂದಿಯೂ ಮರಳೂ ಲೋಹವನ್ನೇ ಸವೆಯಿಸುತ್ತವೆ. ವಾರಕ್ಕೊಮ್ಮೆ ಮಿರಮಿರನೆ ಬೆಳಗಬೇಕೆಂಬ ಉತ್ಸಾಹದಲ್ಲಿ ಕಂಠದ ಹೆಸರುಗಳು ಅಳಿಸಿಹೋಗುವದುಂಟು. ಆದದರಿಂದ ಬರವಣಿಗೆ ಇರುವ ಸ್ಥಳವನ್ನು ಮೆತ್ತಗಿನ ಬಟ್ಟೆಯಿಂದ ಮಾತ್ರ ಒರಸಿರಿ. ಕಂದುಬಣ್ಣಕ್ಕೆ ತಿರುಗಿದ ತಾಮ್ರವು ನಮ್ಮ ಕಣ್ಣಿಗೆ ಹೊಳೆಯುವ ತಾಮ್ರಕ್ಕಿಂತ ಚೆಲುವಾಗಿ ಕಾಣುತ್ತದೆ. ಇದು ಅವರವರ ಅಭಿರುಚಿ. ಇನ್ನು, ಅಲಂಕಾರಕ್ಕೆಂದು ಇಟ್ಟ ಹಿತ್ತಾಳೆಯ ಪಾತ್ರೆಯನ್ನು ಹಬ್ಬದ ದಿವಸ ತಟ್ಟನೆ ಅಡಿಗೆಮನೆಗೆ ತಂದು ಸಾರು ಮಾಡಬಾರದು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿಪದಾರ್ಥವು ಕಿಲುಬು ಹಿಡಿದು ವಾಂತಿಗೆ ಕಾರಣವಾಗುತ್ತದೆ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಹಾಕಿ, ತವರವನ್ನು ಅರಳೆಯಿಂದ ಬಳಿದು ಕಲಾಯಿ ಮಾಡುವವರು ಈಗ ವಿರಳವಾದರೂ ಇದ್ದಾರೆ. ಅವರ ಕೈಗೆ ಕೊಟ್ಟ ಮೇಲೆಯೇ ಅಡಿಗೆ.

ನಮ್ಮ ವಿದ್ಯಾರ್ಥಿನಿಯ ಅತ್ತೆಯ ಮನೆಯಲ್ಲಿ ದೊಡ್ಡದೊಂದು ರುಬ್ಬುವ ಕಲ್ಲೂ ಬೀಸುವ ಕಲ್ಲೂ ಇದ್ದವು. ಗುಜರಿಯವನು ಕಲ್ಲನ್ನು ಕೊಳ್ಳುವದಿಲ್ಲ. ಆದದರಿಂದ ಅವು ಮಣ್ಣಿನ ಜೊತೆ ಲಾರಿಗೆ ಹೋಗಿ ಯಾವದೋ ಗುಂಡಿಯನ್ನು ತುಂಬಿಸುತ್ತವೆ. ಅವನ್ನು ಹೇಗಾದರೂ ಮಾಡಿ ತರಿಸಿಕೋ ಎಂದು ಹೇಳಿದೆವು. ಬೀಸುವ ಕಲ್ಲಿನ ಎರಡು ಬಿಲ್ಲೆಗಳು ತೋಟದ ದಾರಿಯಲ್ಲಿ ಕಾಲಿಡುವ ಹಾಸುಗಲ್ಲುಗಳಾಗಿ ಚೆನ್ನಾಗಿ ಒಪ್ಪುತ್ತವೆ. ಹಲ್ಲು ಕುಟ್ಟಿದ ಮೈ ಮೇಲಿರುವಂತೆ ಹುಗಿದರೆ ಮಳೆಗಾಲದಲ್ಲಿ ಕಾಲು ಜಾರದು. ರುಬ್ಬುವ ಕಲ್ಲಿನ ಕುಳಿಯನ್ನು ಹಕ್ಕಿಗಳಿಗೆ ನೀರಿಡುವ ತೊಟ್ಟಿಯಾಗಿ ಮಾಡುವದು ಈಗ ಬಹಳ ಕಡೆ ಕಾಣುವ ಪದ್ಧತಿ. ನೋಡಲಿಕ್ಕೆ ಅಂದವೇ. ಆದರೆ ಇಲ್ಲಿ ತಾಯಂದಿರು ಸ್ವಲ್ಪ ಗಮನವಿಟ್ಟು ಓದಬೇಕು.

ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಯು ಚರಂಡಿಯ ಕೊಳಕು ನೀರಿಗಿಂತ ಮನೆಯ ಸುತ್ತಲಿನ ತಿಳಿನೀರನ್ನೇ ಹೆಚ್ಚಾಗಿ ಹುಡುಕುತ್ತದೆ. ಅದು ತತ್ತಿಯಿಡುವದು ನೀರಿನ ಅಂಚಿನ ಮೇಲ್ಗಡೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ನೀರು ಆರಿಹೋದರೂ ಆ ತತ್ತಿಗಳು ತಿಂಗಳುಗಟ್ಟಲೆ ಸಾಯದೆ ಕಾದಿರುತ್ತವೆ. ಪುನಃ ನೀರು ತಾಗಿದೊಡನೆ ಮರಿಯಾಗಿ, ನಮ್ಮ ಸೆಕೆಯ ಸೀಮೆಯಲ್ಲಿ ಸುಮಾರು ಒಂದು ವಾರದಿಂದ ಹತ್ತು ದಿವಸಗಳೊಳಗೆ ರೆಕ್ಕೆ ಬಂದು ಹಾರುತ್ತವೆ. ಆದಕಾರಣ ನೀರನ್ನು ಚೆಲ್ಲಿ ಹೊಸ ನೀರು ಹಾಕಿದರೆ ಸಾಲದು. ವಾರಕ್ಕೊಂದು ದಿವಸವನ್ನು ಗೊತ್ತುಮಾಡಿ, ಗಟ್ಟಿ ಕಡ್ಡಿಯ ಬ್ರಶ್ಶಿನಿಂದ ಕುಳಿಯ ಒಳಮೈಯನ್ನು ತಿಕ್ಕಿ ತೊಳೆಯಬೇಕು. ಮೇಲೆ ಹೇಳಿದ ಹಂಡೆಯೊಳಗೆ ಕುಂಡವನ್ನಿಟ್ಟವರಿಗೂ, ಕುಂಡದ ಕೆಳಗೆ ತಟ್ಟೆಯಿಟ್ಟವರಿಗೂ ಇದೇ ಮಾತು. 2024ರಲ್ಲಿ ಕರ್ನಾಟಕ ಸರಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಪ್ರಕಟಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡವನ್ನೂ ಗೊತ್ತುಪಡಿಸಿತು. ವಾರಕ್ಕೊಮ್ಮೆ ತೊಳೆಯಲಿಕ್ಕೆ ಆಗದೆಂದು ತೋರುವವರು ಕುಳಿಗೆ ಮಣ್ಣು ತುಂಬಿಸಿ ಒಂದೆಲಗವನ್ನು ನೆಡಲಿ. ಅದು ತೇವವನ್ನು ಪ್ರೀತಿಸುವ ಸೊಪ್ಪು. ಕುಳಿಯ ಅಂಚನ್ನು ದಾಟಿ ಹಬ್ಬಿ ಕಲ್ಲನ್ನು ಹಸುರು ಮಾಡುತ್ತದೆ, ಚಟ್ನಿಗೂ ಒದಗುತ್ತದೆ. ಮಳೆಗಾಲದಲ್ಲಿ ಮಾತ್ರ ಮೇಲೊಂದು ಮರೆ ಬೇಕು, ಇಲ್ಲವಾದರೆ ನೀರು ಕಟ್ಟಿ ಕೊಳೆಯುತ್ತದೆ.

ಹಂಚುಗಳ ವಿಷಯಕ್ಕೆ ಬರುತ್ತೇವೆ. ಮಂಗಳೂರು ಹಂಚೆಂದು ಪ್ರಸಿದ್ಧವಾದ ಈ ಕೆಂಪು ಹಂಚಿನ ಚರಿತ್ರೆಯು ನಮ್ಮ ಹುಡುಗಿಯರಿಗೆ ತಿಳಿದಿರಬೇಕು. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ್ದು 1865ರಲ್ಲಿ. ಆ ಉದ್ಯೋಗವನ್ನು ನಡಿಸಿದವರು ಜಾರ್ಜ್ ಪ್ಲೆಬ್ಸ್ಟ್ ಎಂಬವರು. ನೇತ್ರಾವತಿ ಗುರುಪುರ ನದಿಗಳ ದಡದ ಜೇಡಿಮಣ್ಣು ಅದಕ್ಕೆ ಒದಗಿತು. ತರುವಾಯ ಬೇರೆ ಅನೇಕರು ಕಾರ್ಖಾನೆಗಳನ್ನಿಟ್ಟರು. ಒಬ್ಬೊಬ್ಬರೂ ತಮ್ಮ ತಮ್ಮ ಹೆಸರನ್ನೂ ಗುರುತನ್ನೂ ಹಂಚಿನ ಮೇಲೆ ಒತ್ತಿಸಿದರು. ಮಾಡನ್ನು ಇಳಿಸುವಾಗ ಪ್ರತಿಯೊಂದನ್ನು ತಿರುಗಿಸಿ ಓದಿ ನೋಡಿರಿ. ಒಂದೇ ಮಾಡಿನಲ್ಲಿ ಮೂರು ನಾಲ್ಕು ಕಾರ್ಖಾನೆಗಳ ಹೆಸರುಗಳು ಸಿಕ್ಕುವದುಂಟು. ಯಾವ ಭಾಗ ಮೊದಲು ಕಟ್ಟಿದ್ದು, ಯಾವ ಭಾಗ ಆ ಮೇಲೆ ಸೇರಿಸಿದ್ದು ಎಂಬದನ್ನು ಅದರಿಂದ ಊಹಿಸಬಹುದು.

ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ನಾದ ಬಂದರೆ ಅದು ಗಟ್ಟಿ. ಮಂಕಾದ ಸದ್ದು ಬಂದರೆ ಎಲ್ಲಿಯೋ ಸೀಳು ಉಂಟೆಂದರ್ಥ. ಗಟ್ಟಿ ಹಂಚನ್ನು ಅಲಂಕಾರಕ್ಕೆ ಹಾಳುಮಾಡದೆ, ಕೊಟ್ಟಿಗೆಗೋ ಸೌದೆಯ ಚಪ್ಪರಕ್ಕೋ ಹಾಕಿಸಿರಿ, ಇಲ್ಲವೇ ಬೇಕಾದವರಿಗೆ ಕೊಡಿರಿ. ಸೀಳಿದವುಗಳನ್ನು ಹೂವಿನ ಪಾತಿಯ ಸುತ್ತ ನೆಟ್ಟಗೆ ನಿಲ್ಲಿಸಿ, ಮೂರರಲ್ಲಿ ಒಂದು ಪಾಲು ಮಣ್ಣಿನೊಳಗಿರುವಂತೆ ಹುಗಿದರೆ ಅಂದವಾದ ಅಂಚು ಆಗುತ್ತದೆ. ಮಳೆಗೆ ಮಣ್ಣು ಕೊಚ್ಚಿಹೋಗುವದೂ ತಪ್ಪುತ್ತದೆ. ಮಾಡಿನ ನೆತ್ತಿಯ ಮೇಲೆ ಕೂತಿರುವ ಬಾಗಿದ ಹಂಚನ್ನು ಮಗುಚಿಟ್ಟು, ಎರಡು ಕೊನೆಗಳಿಗೆ ಕಲ್ಲಿನ ತಡೆ ಕೊಟ್ಟರೆ ಲೋಳೆಸರ, ದೊಡ್ಡಪತ್ರೆ ಮುಂತಾದವುಗಳಿಗೆ ಸಾಕಾದ ತೊಟ್ಟಿ. ಹೆಸರು ಒತ್ತಿದ ಒಂದೆರಡು ಹಂಚುಗಳನ್ನು ಬಣ್ಣ ಬಳಿಯದೆ, ಹೆಸರು ಕಾಣುವಂತೆ, ಹೊಸ ಮನೆಯ ಜಗಲಿಯ ಗೋಡೆಯಲ್ಲಿ ಕೂಡ್ರಿಸಿದವರ ಮನೆಯನ್ನು ನೋಡಿದ್ದೇವೆ. ಅದಕ್ಕಿಂತ ಒಳ್ಳೆಯ ಅಲಂಕಾರವು ಹಳೆ ಮನೆಯನ್ನು ಕಳಕೊಂಡವರಿಗೆ ಬೇಕಿಲ್ಲ.

ಒಡೆದ ಪಿಂಗಾಣಿಯ ಕೆಲಸಕ್ಕೆ ನಮ್ಮ ದೇಶದಲ್ಲಿ ಬಹು ದೊಡ್ಡ ಉದಾಹರಣೆಯುಂಟು. ಚಂಡೀಗಢದಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಮೇಲ್ವಿಚಾರಕರಾಗಿದ್ದ ನೇಕ್ ಚಂದ್ ಎಂಬವರು 1950ರ ದಶಕದ ಕೊನೆಯಿಂದ ಕಾಡಿನ ಮರೆಯಲ್ಲಿ ಯಾರಿಗೂ ಹೇಳದೆ, ಒಡೆದ ಬಳೆ, ಬಸಿ, ಕುಂಡ, ಕಟ್ಟಡದ ಕಸ ಇವುಗಳಿಂದ ಬೊಂಬೆಗಳನ್ನೂ ಗೋಡೆಗಳನ್ನೂ ಮಾಡುತ್ತಾ ಬಂದರು. ಅದು ಸರಕಾರಿ ಸ್ಥಳ, ಕಟ್ಟಲಿಕ್ಕೆ ಅಪ್ಪಣೆಯಿರಲಿಲ್ಲ. ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕೆಡವಿಹಾಕುವ ಮಾತೇ ಮೊದಲು ಬಂತು. ಆದರೆ ಜನರ ಮೆಚ್ಚಿಗೆಯಿಂದ ಅದು ಉಳಿದು, 1976ರಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಅವರು 2015ರಲ್ಲಿ ತೀರಿಕೊಂಡರು. ಆ ಬಂಡೆಯ ತೋಟವನ್ನು ಈಗಲೂ ಜನರು ಹೋಗಿ ನೋಡುತ್ತಾರೆ. ನಾವು ಒಂದು ಕುಂಡವನ್ನು ಮಾಡಿದರೆ ಸಾಕು. ಬಸಿಯ ತುಂಡುಗಳನ್ನು ಗೋಣಿಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಮೆಲ್ಲನೆ ಒಡೆಯಿರಿ. ಮಣ್ಣಿನ ಕುಂಡವನ್ನು ಮೊದಲು ನೀರಿನಲ್ಲಿ ನೆನೆಯಿಸಿರಿ; ಒಣ ಕುಂಡವು ಸಿಮೆಂಟಿನ ನೀರನ್ನು ಹೀರಿಕೊಂಡು ಪದರವನ್ನು ಉದುರಿಸುತ್ತದೆ. ಒಂದು ಪಾಲು ಸಿಮೆಂಟು, ಮೂರು ಪಾಲು ಜರಡಿ ಹಿಡಿದ ಮರಳು. ಸಿಮೆಂಟು ಚರ್ಮವನ್ನು ಸುಡುವಂಥದ್ದು, ಆದಕಾರಣ ಕೈಚೀಲವನ್ನು ತೊಡತಕ್ಕದ್ದು. ಕೂಡ್ರಿಸಿದ ಮೇಲೆ ಒಂದು ವಾರ ಒದ್ದೆ ಗೋಣಿ ಹೊದಿಸಿಡಿರಿ. ಚಿಕ್ಕ ಮಕ್ಕಳು ಆಡುವ ಎತ್ತರದಲ್ಲಿ ಈ ಕೆಲಸವನ್ನು ಮಾಡಬೇಡಿರಿ. ಎಷ್ಟು ತಿಕ್ಕಿದರೂ ಎಲ್ಲಿಯೋ ಒಂದು ಅಂಚು ಚೂಪಾಗಿ ಉಳಿಯುತ್ತದೆ.

ಎಣ್ಣೆಯ ಡಬ್ಬಿಗಳೂ ಗಾಜಿನ ಸೀಸೆಗಳೂ ಎಲ್ಲರಿಗೂ ಗೊತ್ತಿದ್ದವೇ. ಡಬ್ಬಿಯ ತಳಕ್ಕೆ ತೂತು ಹಾಕಿ, ಇಟ್ಟಿಗೆಯ ಮೇಲಿಟ್ಟು, ಬಿಸಿಲಿಗೆ ಬೇರು ಬೇಯದಂತೆ ಹೊರಗೆ ಬಿಳಿ ಬಣ್ಣ ಬಳಿಯಿರಿ. ಕೀಟನಾಶಕದ ಡಬ್ಬಿಯನ್ನು ಮಾತ್ರ ಎಷ್ಟು ತೊಳೆದರೂ ಯಾವ ಕೆಲಸಕ್ಕೂ ತರಬೇಡಿರಿ.

ಮರದ ಸಾಮಾನುಗಳಲ್ಲಿ ಭಯವು ಬೇರೆಯೇ. ಹಳೆ ಬಾಗಿಲು, ಕಿಟಿಕಿ, ತೊಟ್ಟಿಲು ಇವುಗಳ ಬಣ್ಣದಲ್ಲಿ ಸೀಸವಿರುವದು ಬಹುಮಟ್ಟಿಗೆ ನಿಶ್ಚಯ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚಿರಬಾರದೆಂಬ ನಿಯಮವು 2016ರಲ್ಲಿ ಆಗಿ, 2017ರ ನವಂಬರದಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಬಣ್ಣವನ್ನು ನಂಬುವ ಹಾಗಿಲ್ಲ. ಮರಳುಕಾಗದದಿಂದ ಒಣದಾಗಿ ತಿಕ್ಕಿದಾಗ ಏಳುವ ಧೂಳು ಅಂಬೆಗಾಲಿಡುವ ಮಕ್ಕಳ ಕೈಗೂ ಬಾಯಿಗೂ ಸೇರಿ, ಅವರ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ. ಸುಟ್ಟು ತೆಗೆಯುವದು ಇನ್ನೂ ಕೆಟ್ಟದ್ದು. ತೆಗೆಯಲೇಬೇಕಾದರೆ ಮನೆಯ ಹೊರಗೆ, ನೀರು ಚಿಮುಕಿಸಿ ಒದ್ದೆಯಾಗಿಯೇ ತಿಕ್ಕಿ, ಕೆಸರನ್ನು ಕಾಗದದಲ್ಲಿ ಒಟ್ಟುಗೂಡಿಸಿರಿ. ಗರ್ಭಿಣಿಯರೂ ಮಕ್ಕಳೂ ಹತ್ತಿರ ಸುಳಿಯಬಾರದು. ಗಟ್ಟಿಯಾಗಿರುವ ಬಣ್ಣವನ್ನು ಕೆದಕದೆ ಮೇಲೆ ಹೊಸ ಬಣ್ಣವನ್ನು ಬಳಿಯುವದೇ ಕ್ಷೇಮ. ಅಗಸೆ ಎಣ್ಣೆಯಿಂದ ಮರವನ್ನು ಒರಸಿದವರು ಆ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆಯಬೇಡಿರಿ. ಅದು ಒಳಗಿಂದೊಳಗೆ ಕಾದು ತಾನಾಗಿ ಬೆಂಕಿ ಹತ್ತಿಕೊಳ್ಳುವದುಂಟು. ಹರಡಿ ಒಣಗಿಸಬೇಕು.

ಇನ್ನು ಬಟ್ಟೆ. ನಮ್ಮ ವಿದ್ಯಾರ್ಥಿನಿಯು ಹೊರಟುನಿಂತು, ಮೆಟ್ಟಲಿಳಿಯುವಾಗ ಈ ಮಾತನ್ನೆತ್ತಿದಳು. "ಅತ್ತೆಯವರ ಸೀರೆಗಳದ್ದೊಂದು ಪೆಟ್ಟಿಗೆಯುಂಟು ಟೀಚರೇ. ಅವರು ಹೋಗಿ ಆರು ವರ್ಷವಾಯಿತು. ಯಾರೂ ಅದನ್ನು ತೆರೆದಿಲ್ಲ. ಕೊಡುವದಕ್ಕೂ ಮನಸ್ಸಿಲ್ಲ, ನೋಡುವದಕ್ಕೂ ಧೈರ್ಯವಿಲ್ಲ." ನಾವು ಅವಳನ್ನು ಪುನಃ ಒಳಗೆ ಕರೆದು ಕೂಡ್ರಿಸಿದೆವು.

ಮುಚ್ಚಿದ ಪೆಟ್ಟಿಗೆಯಲ್ಲಿ ಬಟ್ಟೆಯು ಉಳಿಯುವದಿಲ್ಲ. ರೇಷ್ಮೆಯು ಮಡಿಕೆಯ ಗೆರೆಯಲ್ಲಿ ಸೀಳುತ್ತದೆ. ಹತ್ತಿಯು ತೇವ ಹಿಡಿದು ಕಲೆಯಾಗುತ್ತದೆ. ಗಂಜಿ ಹಾಕಿ ಮಡಚಿಟ್ಟದ್ದನ್ನು ಹುಳ ತಿನ್ನುತ್ತದೆ. ಆರು ವರ್ಷದ ಪ್ರೀತಿಯು ಇನ್ನು ಆರು ವರ್ಷಗಳಲ್ಲಿ ಪುಡಿಯಾಗಬಹುದು. ಆದಕಾರಣ ಪೆಟ್ಟಿಗೆಯನ್ನು ತೆರೆ. ಮನೆಯ ಹೆಣ್ಣುಮಕ್ಕಳೆಲ್ಲ ಕೂಡಿರುವ ದಿವಸವೇ ತೆರೆ. ಹತ್ತಿಯದನ್ನು ಹತ್ತಿಯ ಕಡೆಗೂ ರೇಷ್ಮೆಯದನ್ನು ರೇಷ್ಮೆಯ ಕಡೆಗೂ ವಿಂಗಡಿಸು ಎಂದು ಹೇಳಿದೆವು. ಹತ್ತಿಯ ಸೀರೆಗಳಿಗೆ ಕೌದಿಯಷ್ಟು ಒಳ್ಳೆಯ ಗತಿ ಬೇರೊಂದಿಲ್ಲ.

ಉತ್ತರ ಕರ್ನಾಟಕದಿಂದ ಬಂದ ತಾಯಂದಿರಿಗೆ ಕೌದಿಯನ್ನು ನಾವು ವಿವರಿಸಬೇಕಾಗಿಲ್ಲ. ಸವೆದ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಅಂಚಿಗೆ ಸಾದಾ ಹೊಲಿಗೆಯಲ್ಲಿ ಸಾಲು ಸಾಲಾಗಿ ಹೊಲಿದದ್ದೇ ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸ್ತ್ರೀಯರು, ಅಂದರೆ ಆಫ್ರಿಕದಿಂದ ಬಂದ ಪೂರ್ವಿಕರ ಸಂತತಿಯವರು, ಇದನ್ನು ಕವಂದಿ ಎನ್ನುತ್ತಾರೆ. ಅವರು ಒಂದು ಮೂಲೆಯಿಂದ ಹಿಡಿದು ಅಂಚನ್ನು ಸುತ್ತುತ್ತಾ ಸುತ್ತುತ್ತಾ ಒಳಗೆ ಹೊಲಿದುಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ ಚಿಕ್ಕ ತ್ರಿಕೋಣಗಳನ್ನು ಸೇರಿಸುತ್ತಾರೆ. ಅದಕ್ಕೆ ಫುಲ, ಎಂದರೆ ಹೂ ಎಂದು ಹೆಸರು; ಹೂವಿಲ್ಲದ ಕವಂದಿಯು ಅವರ ಎಣಿಕೆಯಲ್ಲಿ ಮುಗಿದದ್ದಲ್ಲ. ಕ್ರೈಸ್ತ ಸಿದ್ದಿಯರು ಶಿಲುಬೆಯನ್ನೂ ಮುಸಲ್ಮಾನ ಸಿದ್ದಿಯರು ಅರ್ಧಚಂದ್ರವನ್ನೂ ತುಂಡುಗಳಿಂದ ಜೋಡಿಸುವದುಂಟು. ಈ ಕೌದಿಗಳನ್ನು ಈಗ ಪಟ್ಟಣದ ಮನೆಗಳಲ್ಲಿ ಚಿತ್ರಪಟದ ಹಾಗೆ ಗೋಡೆಗೆ ತೂಗಹಾಕುತ್ತಾರೆ. ತೂಗಹಾಕಲಿ, ತಪ್ಪಿಲ್ಲ; ಬಿಸಿಲು ಬೀಳದ ಗೋಡೆಯಾಗಿರಲಿ. ಆದರೆ ನಮ್ಮನ್ನು ಕೇಳಿದರೆ, ಅದು ಮಂಚದ ಮೇಲೆ ಹೆಚ್ಚು ಚೆಲುವಾಗಿ ಕಾಣುತ್ತದೆ.

ಹೊಲಿಯುವ ಕ್ರಮವು ಹೀಗೆ. ಸೀರೆಗಳನ್ನು ಒಗೆದು ಒಣಗಿಸಿ, ಬೆಳಕಿಗೆ ಹಿಡಿದು ನೋಡಿರಿ. ಬೆರಳು ಒತ್ತಿದರೆ ಹರಿಯುವ ಭಾಗವನ್ನು ಬಿಟ್ಟುಬಿಡಿರಿ. ಸೆರಗೂ ಅಂಚೂ ಸಾಧಾರಣವಾಗಿ ಗಟ್ಟಿಯಾಗಿರುತ್ತವೆ, ಅವನ್ನು ಮೇಲಿನ ಪದರಕ್ಕಿಡಿರಿ. ಮೂರು ನಾಲ್ಕು ಪದರ ಸಾಕು. ಹೆಚ್ಚಾದರೆ ಸೂಜಿ ಹೋಗುವದಿಲ್ಲ, ಒಗೆಯುವವರ ಕೈಯೂ ಸೋಲುತ್ತದೆ. ಮಕ್ಕಳ ಕೌದಿಗೆ 3 ಅಡಿ ಅಗಲ 4 ಅಡಿ ಉದ್ದ, ದೊಡ್ಡವರಿಗೆ 5 ಅಡಿ ಅಗಲ 7 ಅಡಿ ಉದ್ದ ಇರಲಿ. ನೆಲದ ಮೇಲೆ ಹಾಸಿ, ಮೂಲೆಗಳಿಗೆ ಭಾರವಿಟ್ಟು, ಸುಕ್ಕು ತೆಗೆದು, ಮೊದಲು ಉದ್ದುದ್ದವಾದ ಕಚ್ಚಾ ಹೊಲಿಗೆಯನ್ನು ಹಾಕಿರಿ; ಇದನ್ನು ಬಿಟ್ಟು ಅವಸರ ಮಾಡಿದವರ ಕೌದಿಯು ಒಂದು ಕಡೆ ಉಬ್ಬಿ ಒಂದು ಕಡೆ ಜಗ್ಗುತ್ತದೆ. ಆ ಮೇಲೆ ದಪ್ಪ ಹತ್ತಿಯ ನೂಲಿನಿಂದ, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರವಿಟ್ಟು ಹೊಲಿಯಿರಿ. ನೂಲಿನ ಗಂಟು ಪದರಗಳ ನಡುವೆ ಅಡಗಲಿ. ಹೊಸ ಬಟ್ಟೆಯನ್ನು ಸೇರಿಸುವದಾದರೆ ಅದನ್ನು ಎರಡು ಸಲ ನೀರಿನಲ್ಲಿ ಹಾಕಿ ತೆಗೆದಿರಬೇಕು. ಇಲ್ಲವಾದರೆ ಮೊದಲನೆಯ ಒಗೆತದಲ್ಲಿಯೇ ಅದು ಕುಗ್ಗಿ, ಹಳೆಯದನ್ನು ಎಳೆದು ಹರಿಯುತ್ತದೆ. ರೇಷ್ಮೆಯನ್ನು ಹತ್ತಿಯ ಜೊತೆ ಸೇರಿಸಬೇಡಿರಿ. ಅದರ ಅಂಚನ್ನು ಬಿಡಿಸಿ ಕನ್ನಡಿಯ ಚೌಕಟ್ಟಿಗೋ ದಿಂಬಿನ ಗವಸಿಗೋ ಉಪಯೋಗಿಸಬಹುದು. ಬೆಳ್ಳಿಯ ಜರಿಯಿದ್ದರೆ ಕತ್ತರಿ ಹಾಕುವ ಮೊದಲು ತಿಳಿದವರಿಗೆ ತೋರಿಸಿರಿ. ಹಳೆ ಜರಿಯನ್ನು ಬೆಳ್ಳಿಗಾಗಿ ಕೊಳ್ಳುವವರು ಬಾಗಿಲಿಗೆ ಬಂದು ಹೇಳುವ ಬೆಲೆಯನ್ನು ನಂಬಬೇಡಿರಿ.

ಶನಿವಾರ ಏನಾಯಿತೆಂದು ವಾಚಕರು ಕೇಳಬಹುದು. ಗುಜರಿಯವನು ಬಂದನು, ಕಬ್ಬಿಣದ ಮಂಚವನ್ನೂ ತಗಡುಗಳನ್ನೂ ಒಯ್ದನು. ಕಲ್ಲುಗಳು ಅವಳ ಮನೆಯ ಚಿಕ್ಕ ಅಂಗಳವನ್ನು ಸೇರಿದವು. ಹಿತ್ತಾಳೆಯ ಎರಡು ಕೊಡಗಳ ಕಂಠದಲ್ಲಿ ಬೇರೆ ಮನೆತನದ ಹೆಸರು ಕಂಡುದರಿಂದ ವಿಚಾರಿಸಲಾಗಿ, ಅವು ಯಾವದೋ ಮದುವೆಗೆ ನೆರೆಯವರಿಂದ ತಂದು ತಿರುಗಿಸದೆ ಉಳಿದವುಗಳೆಂದು ಮಾವನವರೇ ನೆನಪಿಸಿಕೊಂಡರಂತೆ. ಅವನ್ನು ಆ ಮನೆಗೆ ಮುಟ್ಟಿಸಿದರು. ಪೆಟ್ಟಿಗೆಯನ್ನು ನಾಲ್ವರು ಹೆಣ್ಣುಮಕ್ಕಳೂ ಸೊಸೆಯೂ ಕೂತು ತೆರೆದರು. ಯಾರಿಗೆ ಯಾವ ಸೀರೆ ಎಂಬ ಮಾತು ಬಂದು ಸ್ವಲ್ಪ ಹೊತ್ತು ಮನಸ್ತಾಪವೂ ಆಯಿತೆಂದು ನಮ್ಮ ವಿದ್ಯಾರ್ಥಿನಿಯು ಮುಚ್ಚುಮರೆಯಿಲ್ಲದೆ ಹೇಳಿದಳು. ಕಡೆಗೆ ಪ್ರತಿಯೊಂದು ಹತ್ತಿಯ ಸೀರೆಯಿಂದಲೂ ಐದು ಪಾಲು ಕತ್ತರಿಸಿ, ಐದು ಕೌದಿಗಳಲ್ಲಿಯೂ ಎಲ್ಲಾ ಸೀರೆಗಳು ಇರುವಂತೆ ಒಪ್ಪಂದವಾಯಿತು. ಕಿರಿಯ ಮಗಳು ಮಾತ್ರ ತಾಯಿಯು ಕೊನೆಯ ವರ್ಷ ಉಟ್ಟಿದ್ದ ನೀಲಿ ಅಂಚಿನ ಸೀರೆಗೆ ಕತ್ತರಿ ತಾಗಿಸಗೊಡಲಿಲ್ಲ. ಅದು ಅವಳ ಬಳಿ ಇಡಿಯಾಗಿಯೇ ಇದೆ. ಅವಳು ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಅದನ್ನು ಆಮ್ಲವಿಲ್ಲದ ಕಾಗದ ಸಿಕ್ಕದಿದ್ದರೆ ಒಗೆದ ಬಿಳಿ ಮಲ್ಲಿನಲ್ಲಿ ಸುತ್ತಿ, ಆರು ತಿಂಗಳಿಗೊಮ್ಮೆ ಮಡಿಕೆಯನ್ನು ಬದಲಿಸಿಡಬೇಕೆಂದು ಹೇಳಿಕಳುಹಿಸಿದ್ದೇವೆ.

ಕೌದಿಗಳಲ್ಲಿ ಎರಡು ಮುಗಿದಿವೆ. ಅದರಲ್ಲೊಂದನ್ನು ಅವಳು ತಂದು ತೋರಿಸಿದಾಗ, ಹಿಂಬದಿಯ ಮೂಲೆಯಲ್ಲಿ ಅಂಗೈಯಷ್ಟು ಬಿಳಿ ಬಟ್ಟೆಯ ತುಂಡನ್ನು ಹೊಲಿದು, ಅದರ ಮೇಲೆ ಅತ್ತೆಯವರ ಹೆಸರನ್ನೂ, ಯಾವ ತುಂಡು ಯಾವ ಸೀರೆಯದೆಂಬದನ್ನೂ, ಹೊಲಿದವರ ಹೆಸರುಗಳನ್ನೂ, ವರ್ಷವನ್ನೂ ಕೆಂಪು ನೂಲಿನಿಂದ ಕಸೂತಿ ಮಾಡುವಂತೆ ಹೇಳಿದೆವು. ಶಾಯಿಯಿಂದ ಬರೆದರೆ ಒಗೆತಕ್ಕೆ ಹೋಗುತ್ತದೆ. ನೂಲನ್ನು ಮೊದಲು ಬಿಸಿನೀರಿನಲ್ಲಿ ಅದ್ದಿ, ಬಣ್ಣ ಬಿಡುತ್ತದೋ ಎಂದು ನೋಡಿಕೊಳ್ಳತಕ್ಕದ್ದು.